ಎರಡು ಭಾಷೆಯ ಮಗು, ಸ್ಪೀಚ್ ಥೆರಪಿ, ಕಥೆ ಪುಸ್ತಕ: ಓದೋದು ಯಾವ ಭಾಷೆಯಲ್ಲಿ?

ಗುಬ್ಬಿಗೂಡು, ಬೆಂಗಳೂರು

ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಮಗನಿಗೆ ಬರುವ ತಿಂಗಳು ನಾಲ್ಕು ತುಂಬುತ್ತದೆ. ಮನೆಯಲ್ಲಿ ಕನ್ನಡ, ಪ್ಲೇಸ್ಕೂಲಿನಲ್ಲಿ ಇಂಗ್ಲಿಷ್. ಮಾತು ಶುರುವಾಗಿದ್ದೇ ತಡ. ಈಗಲೂ ಎರಡು ಪದ, ಹೆಚ್ಚೆಂದರೆ ಮೂರು ಪದ ಜೋಡಿಸುತ್ತಾನೆ. 'ಕ', 'ಗ' ಬರುವುದಿಲ್ಲ. ಕಾಗೆ ಅನ್ನಲು 'ತಾದೆ', ಅಕ್ಕ ಅನ್ನಲು 'ಅತ್ತ'. ಕಿವಿ ಪರೀಕ್ಷೆ ಆಗಿದೆ, ತೊಂದರೆ ಇಲ್ಲ.

ಹೋದ ವರ್ಷ ಮೊದಲು ತೋರಿಸಿದ ಕಡೆ "ಎರಡು ಭಾಷೆ ಅಂದರೆ ಮಗುವಿಗೆ ಗೊಂದಲ, ಮನೆಯಲ್ಲೂ ಇಂಗ್ಲಿಷೇ ಮಾತಾಡಿ" ಅಂದರು. ಮೂರು ತಿಂಗಳು ಹಾಗೇ ಮಾಡಿದೆವು. ನನ್ನದು ಆಫೀಸಿನ ಇಂಗ್ಲಿಷ್. ಮೀಟಿಂಗಿಗೆ ಸಾಕು, ಮಗುವನ್ನು ಮುದ್ದು ಮಾಡಲು ಸಾಲದು. ಇನ್ನು ನಮ್ಮ ಅತ್ತೆಗೆ ಇಂಗ್ಲಿಷ್ ಬರುವುದೇ ಇಲ್ಲ. ದಿನವಿಡೀ ಮೊಮ್ಮಗನ ಜೊತೆ ಇರುವವರು ಅವರೇ. "ನಾನು ಮಾತಾಡಿದರೆ ಮಗೂಗೆ ಕೆಡುಕಂತೆ" ಅಂತ ಬಾಯಿ ಮುಚ್ಚಿಕೊಂಡುಬಿಟ್ಟರು. ಊಟ ಮಾಡಿಸುವಾಗಲೂ ಕೈಸನ್ನೆ. ಅದನ್ನು ನೋಡಿ ನನಗೇ ತಡೆಯಲಾಗಲಿಲ್ಲ.

ಈಗ ಬೇರೆ ಥೆರಪಿಸ್ಟ್ ಹತ್ತಿರ ಹೋಗುತ್ತಿದ್ದೇವೆ. "ಕನ್ನಡ ಯಾಕೆ ಬಿಟ್ಟಿರಿ?" ಅಂತ ಅವರು ಮೊದಲ ದಿನವೇ ಬೈದರು. ಮುಂದಿನ ಸಲ ಮನೆಯಲ್ಲಿರುವ ಕಥೆ ಪುಸ್ತಕ ತನ್ನಿ, ಮನೆಯಲ್ಲೂ ದಿನಾ ಓದಿ ಅಂದಿದ್ದಾರೆ. ಆದರೆ ನಾನು ಪುಸ್ತಕ ಹಿಡಿದು ಕೂತರೆ ಇವನು ಎರಡು ನಿಮಿಷದಲ್ಲಿ ಎಲ್ಲ ಪುಟ ತಿರುವಿ ಎದ್ದು ಓಡುತ್ತಾನೆ. "ಇದೇನು? ಇದು ಯಾವ ಬಣ್ಣ?" ಅಂತ ಕೇಳಿದರೆ ತುಟಿ ಬಿಚ್ಚುವುದಿಲ್ಲ. ಯಾವ ಭಾಷೆಯ ಪುಸ್ತಕ ತರಲಿ? ಹೇಗೆ ಓದಲಿ? ಅನುಭವ ಇರುವವರು ಹೇಳಿ.

ಡಬಲ್ ಡೆಕ್ಕರ್

ನನಗೆ ಅನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ಸ್ಕೂಲು ಇಂಗ್ಲಿಷಿನಲ್ಲಿ, ಸಿಲಬಸ್ ಇಂಗ್ಲಿಷಿನಲ್ಲಿ. ಒಂದು ಭಾಷೆಯೇ ಸರಿಯಾಗಿ ಬರದ ಮಗುವಿನ ಮೇಲೆ ಎರಡನ್ನು ಹೇರುವುದು ಯಾಕೆ? ಒಂದು ಗಟ್ಟಿ ಆಗಲಿ, ಕನ್ನಡ ಆಮೇಲೆ ಬಂದೇ ಬರುತ್ತದೆ. ನಮ್ಮಣ್ಣನ ಮಗಳಿಗೆ ಹೀಗೇ ಮಾಡಿದರು. ಈಗ ಪಟಪಟ ಅಂತ ಮಾತಾಡುತ್ತಾಳೆ.

ಮಾತುಗಾತಿ, ಮೈಸೂರು

ನಾನು ಸ್ಪೀಚ್ ಥೆರಪಿಸ್ಟ್. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು. ಊರವರ ಬಾಯಲ್ಲಿ ಅದು ಬರೀ 'ಸ್ಪೀಚ್ ಅಂಡ್ ಹಿಯರಿಂಗ್'. ಮಗುವನ್ನು ನೋಡದೆ ಇಲ್ಲಿಂದಲೇ ಚಿಕಿತ್ಸೆ ಹೇಳುವುದಿಲ್ಲ. ಆದರೆ ಈ 'ಗೊಂದಲ'ದ ಮಾತಿಗೆ ಉತ್ತರ ಕೊಡಲೇಬೇಕು. ವಾರಕ್ಕೊಬ್ಬರಾದರೂ ಇದನ್ನು ಹೊತ್ತುಕೊಂಡು ಬರುತ್ತಾರೆ.

ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಮಾತಿನ ತೊಂದರೆ ಇರುವ ಮಗುವಿಗೆ ಅದು ಎರಡೂ ಭಾಷೆಯಲ್ಲಿ ಕಾಣುತ್ತದೆ. ಒಂದನ್ನು ಕಿತ್ತುಕೊಂಡರೆ ತೊಂದರೆ ಅರ್ಧ ಆಗುವುದಿಲ್ಲ. ಮಾತಾಡುವ ಜನ ಅರ್ಧ ಆಗುತ್ತಾರೆ, ಅಷ್ಟೇ. 2005ರಲ್ಲಿ ಕೆನಡಾದ ಸಂಶೋಧಕರು ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬರುವ, ಕಲಿಕೆ ಮತ್ತು ಮಾತನ್ನು ನಿಧಾನವಾಗಿಸುವ ಸ್ಥಿತಿ) ಇರುವ ಮಕ್ಕಳನ್ನು ಹೋಲಿಸಿ ನೋಡಿದರು. ಎರಡು ಭಾಷೆಯಲ್ಲಿ ಬೆಳೆದವರ ಇಂಗ್ಲಿಷ್, ಇಂಗ್ಲಿಷೊಂದರಲ್ಲೇ ಬೆಳೆದವರಿಗಿಂತ ಹಿಂದೆ ಬಿದ್ದಿರಲಿಲ್ಲ. ಅಂಥ ಮಕ್ಕಳಿಗೇ ಎರಡು ಭಾಷೆ ಭಾರ ಆಗಿಲ್ಲ.

ಡಬಲ್ ಡೆಕ್ಕರ್ ಅವರೇ, ನಿಮ್ಮ ಅಣ್ಣನ ಮಗಳು ಚೆನ್ನಾಗಿ ಮಾತಾಡುತ್ತಿರುವುದು ಸಂತೋಷ. ಆದರೆ ಅದು ಕನ್ನಡ ಬಿಟ್ಟಿದ್ದರಿಂದ ಆದದ್ದು ಅನ್ನಲು ಆಧಾರ ಏನು? ಬಿಡದಿದ್ದರೂ ಆಗುತ್ತಿತ್ತೇನೋ.

"ಅಮ್ಮಾ, ಬಾಲ್ ಕೊಡು", "ಬಸ್ಸಲ್ಲಿ ಹೋಗಣ" ಅಂತ ಬೆರೆಸಿದರೂ ಹೆದರಬೇಡಿ. 'ಬಸ್' ಇಂಗ್ಲಿಷಿನದು, 'ಅಲ್ಲಿ' ಕನ್ನಡದ ಪ್ರತ್ಯಯ. ಅದನ್ನು ಸರಿಯಾದ ಜಾಗಕ್ಕೆ ಅಂಟಿಸುವ ಮಗುವಿಗೆ ಗೊಂದಲ ಎಲ್ಲಿದೆ? ನಾವೂ ದಿನವಿಡೀ ಹೀಗೇ ಮಾತಾಡುತ್ತೇವೆ ಅಲ್ವಾ. ಪದ ಎಣಿಸುವಾಗಲೂ ಎರಡೂ ಭಾಷೆಯದನ್ನು ಸೇರಿಸಿ ಎಣಿಸಬೇಕು. ಹಾಲು ಅನ್ನುವುದಕ್ಕೆ ಕನ್ನಡ ಪದ, ಬಲೂನಿಗೆ ಇಂಗ್ಲಿಷ್ ಪದ ಗೊತ್ತಿದ್ದರೆ ಅವೆರಡೂ ಮಗುವಿನ ಆಸ್ತಿಯೇ.

ಪುಸ್ತಕದ ವಿಷಯ ರಾತ್ರಿ ಬರೆಯುತ್ತೇನೆ. ಕ್ಲಿನಿಕ್ಕಿನಲ್ಲಿ ಮಗು ಕಾಯುತ್ತಿದೆ.

ಗುಬ್ಬಿಗೂಡು

ಇದನ್ನು ಅತ್ತೆಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಎದ್ದು ಕಾಫಿ ಮಾಡಿಕೊಟ್ಟರು.

ಫ್ರೀಮಾಂಟ್ ಅಪ್ಪ, ಕ್ಯಾಲಿಫೋರ್ನಿಯಾ

ನಮ್ಮ ಕಥೆಯೂ ಇದೇ. ಮಗಳಿಗೆ ಎರಡೂವರೆ ಇದ್ದಾಗ ಪರಿಚಯದ ಡಾಕ್ಟರೊಬ್ಬರು "ಇಂಗ್ಲಿಷ್ ಓನ್ಲಿ" ಅಂದರು. ಇಲ್ಲಿ ಮೂರು ವರ್ಷದವರೆಗೆ ಅರ್ಲಿ ಇಂಟರ್ವೆನ್ಷನ್ ಅನ್ನುವ ಪುಟ್ಟ ಮಕ್ಕಳ ಸರ್ಕಾರಿ ಸೇವೆ, ಮೂರಾದ ಮೇಲೆ ಸ್ಕೂಲ್ ಡಿಸ್ಟ್ರಿಕ್ಟ್ ನೋಡಿಕೊಳ್ಳುತ್ತದೆ. ಡಿಸ್ಟ್ರಿಕ್ಟಿನ ಥೆರಪಿಸ್ಟ್ ಅಮೆರಿಕನ್ ಹೆಂಗಸು, ಕನ್ನಡ ಅನ್ನುವ ಭಾಷೆ ಇದೆ ಅಂತ ಆವತ್ತೇ ಕೇಳಿದ್ದು. ಆದರೂ ಆಕೆಯೇ ಹೇಳಿದ್ದು, ಮನೆ ಭಾಷೆ ಬಿಡಬೇಡಿ ಅಂತ. ಇಲ್ಲಿನ ಐಡಿಇಎ ಅನ್ನುವ ವಿಶೇಷ ಮಕ್ಕಳ ಶಿಕ್ಷಣದ ಕಾನೂನಿನ ಪ್ರಕಾರ, ತೀರಾ ಆಗುವುದೇ ಇಲ್ಲ ಅನ್ನುವ ಪರಿಸ್ಥಿತಿ ಬಿಟ್ಟರೆ, ಮಗುವಿನ ಮೌಲ್ಯಮಾಪನ ಅದರ ಸ್ವಂತ ಭಾಷೆಯಲ್ಲೇ ಆಗಬೇಕು. ಹೊರದೇಶದಲ್ಲಿರುವವರು ಇದನ್ನು ಕೇಳಿ ಪಡೆಯಿರಿ. ನಾವು ಕೇಳಿದ ಮೇಲೇ ದುಭಾಷಿ ಬಂದದ್ದು.

ಆಕೆ ಮಾಡಿದ್ದು ಸರಳ. ಮಾತೇ ಇಲ್ಲದ ಚಿತ್ರಪುಸ್ತಕ ಕೊಟ್ಟು "ನೀವು ಕನ್ನಡದಲ್ಲಿ ಹೇಳಿ, ನಾನು ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತೇನೆ" ಅಂದರು. ಮನೆಯಲ್ಲಿ ರಾತ್ರಿ ನಾವು, ಸ್ಕೂಲಿನಲ್ಲಿ ಹಗಲು ಅವರು. ಒಂದೇ ಪುಸ್ತಕ. ಮೂರನೇ ವಾರ ಮಗಳು ಸ್ಕೂಲಿನಲ್ಲಿ ಕಪ್ಪೆ ಚಿತ್ರ ತೋರಿಸಿ ಅವರಿಗೇ "ಕಪ್ಪೆ!" ಅಂತ ಕಲಿಸಿದಳಂತೆ. ಆಮೇಲೆ ಆಕೆ ನಮಗೆ ಬರೆಯುವ ಈಮೇಲಿನಲ್ಲೆಲ್ಲ ಫ್ರಾಗ್ ಹೋಗಿ 'ಕಪ್ಪೆ' ಆಯಿತು.

ಮಾತುಗಾತಿ, ಮೈಸೂರು

ಫ್ರೀಮಾಂಟ್ ಅಪ್ಪ ಹೇಳಿದ್ದು ನೂರಕ್ಕೆ ನೂರು. ಒಂದೇ ಕಥೆ ಎರಡು ಭಾಷೆಯಲ್ಲಿ ಕೇಳಿದ ಮಗುವಿಗೆ ಕಥೆಯ ಎಲುಬುಗೂಡು ಒಂದು ಸಲ ಸಿಕ್ಕಿದರೆ ಸಾಕು: ಯಾರೋ ಇದ್ದರು, ಅವರಿಗೇನೋ ಬೇಕಾಯಿತು, ಅಡ್ಡಿ ಬಂತು, ಏನೋ ಮಾಡಿದರು, ಏನಾಯಿತು. ಕನ್ನಡದಲ್ಲಿ ಕಲಿತ ಎಲುಬುಗೂಡು ಇಂಗ್ಲಿಷಿಗೂ ಹೋಗುತ್ತದೆ. ಪದಗಳನ್ನು ಮಾತ್ರ ಆಯಾ ಭಾಷೆಯಲ್ಲೇ ಕಲಿಯಬೇಕು. ಎರಡು ಭಾಷೆಯ ಮಕ್ಕಳನ್ನು ಪರೀಕ್ಷಿಸಲು ಬರ್ಲಿನ್‌ನಿಂದ 2012ರಲ್ಲಿ ಹೊರಬಂದ 'ಮೇನ್' ಅನ್ನುವ ಸಾಧನವೂ ಇದೇ ನಂಬಿಕೆಯ ಮೇಲೆ ನಿಂತಿದೆ. ಅದರಲ್ಲಿ ಆರಾರು ಚಿತ್ರಗಳ ನಾಲ್ಕು ಕಥೆಗಳಿವೆ. ಬೆಕ್ಕು, ನಾಯಿ, ಹಕ್ಕಿಮರಿ, ಆಡಿನಮರಿ. ಒಂದು ಕಥೆ ಈ ಭಾಷೆಯಲ್ಲಿ, ಇನ್ನೊಂದು ಆ ಭಾಷೆಯಲ್ಲಿ ಹೇಳಿಸಿ ನೋಡುತ್ತಾರೆ.

ಈಗ ಗುಬ್ಬಿಗೂಡು ಅವರ ಪ್ರಶ್ನೆಗೆ ಬರೋಣ. ನೀವು ಓದುತ್ತಿಲ್ಲ, ವೈವಾ ಮಾಡುತ್ತಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ, ಎಲ್ಲ ಅಪ್ಪ ಅಮ್ಮಂದಿರೂ ಹೀಗೇ. "ಇದೇನು?" ಅಂತ ಕೇಳಿದಾಗ ನಿಮಗೆ ಉತ್ತರ ಗೊತ್ತು ಅಂತ ಮಗುವಿಗೂ ಗೊತ್ತು. ಗೊತ್ತಿದ್ದೂ ಯಾಕೆ ಕೇಳುತ್ತಾರೆ? ಹಿಡಿಯೋಕೆ. ಅದಕ್ಕೇ ಓಡುತ್ತಾನೆ.

ಪ್ರಶ್ನೆ ಕಡಿಮೆ ಮಾಡಿ. ಚಿತ್ರ ನೋಡಿ ನೀವೇ ಒಂದು ಮಾತು ಹೇಳಿ, ಆಮೇಲೆ ಸುಮ್ನೆ ಕೂತುಕೊಳ್ಳಿ. ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ಆ ಐದು ಎಣಿಸುವುದೇ ನಾನು ತಂದೆತಾಯಿಗೆ ಕಲಿಸುವ ಕಷ್ಟದ ಪಾಠ, ಮೂರಕ್ಕೇ ಬಾಯಿ ಹಾಕುತ್ತಾರೆ. ಮಗು ಬೆರಳು ತೋರಿಸಿದರೂ ಅದು ಮಾತೇ. "ನಾಯಿ ಹೋಯ್ತು" ಅಂದರೆ "ಹೂಂ, ನಾಯಿ ಓಡಿ ಹೋಯ್ತು" ಅನ್ನಿ. ಒಂದೇ ಒಂದು ಪದ ಸೇರಿಸಿ, ಮುಂದಕ್ಕೆ ಹೋಗಿ. "ಹಾಗಲ್ಲ, ಹೀಗೆ ಹೇಳು" ಬೇಡ. ಮಗುವೇ ಕಥೆ ಹೇಳುವಂತೆ ಓದುವ ಈ ರೀತಿಯನ್ನು 1988ರಲ್ಲಿ ನ್ಯೂಯಾರ್ಕಿನ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು ಪ್ರಯೋಗ ಮಾಡಿ ತೋರಿಸಿದರು. ಒಂದೇ ತಿಂಗಳಲ್ಲಿ ಮಕ್ಕಳ ಮಾತು ಬೆಳೆದಿತ್ತು. ನಾವು ಅದನ್ನು ಡಯಲಾಜಿಕ್ ರೀಡಿಂಗ್ ಅನ್ನುತ್ತೇವೆ. ಅಜ್ಜಿಯರು ಅದಕ್ಕೆ ಹೆಸರೇನೂ ಇಟ್ಟಿರಲಿಲ್ಲ.

ಯಾವ ಭಾಷೆ? ನಿಮಗೆ ನಗು, ಸಿಟ್ಟು, ಅಳು ಬರುವ ಭಾಷೆ. ನಿಮ್ಮ ಮನೆಯಲ್ಲಿ ಅದು ಕನ್ನಡ ಅಂತ ಕಾಣುತ್ತದೆ. ಇಂಗ್ಲಿಷ್ ಪುಸ್ತಕವಾದರೂ ಕನ್ನಡದಲ್ಲೇ ಹೇಳಬಹುದು.

ಇನ್ನೊಂದು ಗುಟ್ಟು. ಕನ್ನಡ ಪುಸ್ತಕವನ್ನೂ ಅದರಲ್ಲಿ ಅಚ್ಚಾದಂತೆ ಓದಬೇಡಿ. "ಕಾಗೆಯು ಮರದ ಕೊಂಬೆಯ ಮೇಲೆ ಕುಳಿತಿತ್ತು" ಅಂತ ಯಾವ ಮನೆಯಲ್ಲಿ ಮಾತಾಡುತ್ತಾರೆ ಹೇಳಿ? ಅಷ್ಟಿಷ್ಟು ಮಾತು ಬರುವ ಮಗುವಿಗೆ ಅದು ಮೂರನೇ ಭಾಷೆ. "ಕಾಗೆ ಮರದ ಮೇಲೆ ಕೂತಿತ್ತು", ಮುಗಿಯಿತು. ಎಡಪುಟದಲ್ಲಿ ಇಂಗ್ಲಿಷ್, ಬಲಪುಟದಲ್ಲಿ ಕನ್ನಡ ಇರುವ ಪುಸ್ತಕವಾದರೆ ಸಾಲಿಗೊಂದು ಸಲ ಭಾಷೆ ಬದಲಿಸಬೇಡಿ. ಇವತ್ತು ಪೂರ್ತಿ ಒಂದರಲ್ಲಿ, ನಾಳೆ ಇನ್ನೊಂದರಲ್ಲಿ. ಇಲ್ಲದಿದ್ದರೆ ಮಗು ತನಗೆ ಬೇಕಾದ ಸಾಲಿಗೆ ಕಾದು ಕೂರುತ್ತದೆ, ಇನ್ನೊಂದರ ಹೊತ್ತಿಗೆ ಕಿವಿ ಮುಚ್ಚುತ್ತದೆ. ಇದು ಪುಸ್ತಕದಲ್ಲಿ ಓದಿದ್ದಲ್ಲ, ನನ್ನ ಕ್ಲಿನಿಕ್ಕಿನಲ್ಲಿ ಕಂಡದ್ದು.

ಬಳಪ ಟೀಚರ್, ಮಂಡ್ಯ

ಅಚ್ಚಿನ ಕನ್ನಡ ಓದಬೇಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ ಮೇಡಂ. ಒಂದನೇ ಕ್ಲಾಸಿಗೆ ಬಂದಾಗ ಪಠ್ಯಪುಸ್ತಕದ ಕನ್ನಡ ಕಂಡು ಕಣ್ಣು ಕಣ್ಣು ಬಿಡುವ ಮಕ್ಕಳನ್ನು ದಿನಾ ನೋಡುತ್ತೇನೆ. ಆ ಕನ್ನಡವೂ ಕಿವಿಗೆ ಬಿದ್ದಿರಬೇಕು.

ಮತ್ತೆ 'ಹ'ಕಾರದ ವಿಷಯ. ನಮ್ಮ ಕಡೆ ಹಾಲು 'ಆಲು', ಹಕ್ಕಿ 'ಅಕ್ಕಿ'. ಒಬ್ಬ ಹುಡುಗನಿಗೆ ಇದೇ ಕಾರಣಕ್ಕೆ ಉಚ್ಚಾರಣೆ ದೋಷ ಅಂತ ಬರೆದುಕೊಟ್ಟಿದ್ದರು. ಅವರಪ್ಪ ಬಂದು "ಅಂಗಾ ಮೇಡಂ?" ಅಂದಾಗ ನಗು ತಡೆಯಲಾಗಲಿಲ್ಲ.

ಮಾತುಗಾತಿ, ಮೈಸೂರು

ಟೀಚರ್, 'ಹ' ವಿಷಯಕ್ಕೆ ದೊಡ್ಡ ನಮಸ್ಕಾರ. ಮನೆಯವರೆಲ್ಲ 'ಆಲು' ಅಂದರೆ ಮಗುವೂ 'ಆಲು' ಅನ್ನುತ್ತದೆ, ಅದು ಊರ ಮಾತು, ದೋಷ ಅಲ್ಲ. ಮೊದಲು ಅಪ್ಪ ಅಮ್ಮನ ಮಾತು ಕೇಳಿಸಿಕೊಳ್ಳಬೇಕು. ಹಾಗೇ ಇಂಗ್ಲಿಷಿನ 'ಥಿಂಕ್' ಅನ್ನು ಕನ್ನಡದ ಮಗು ನಮ್ಮ ನಾಲಗೆಯ ಥರವೇ ಹೇಳಿದರೆ ಅದಕ್ಕೆ ಥೆರಪಿ ಬೇಡ.

ಅಚ್ಚಿನ ಕನ್ನಡದ ಮಾತೂ ಸರಿ. ನಾನು ಬೇಡ ಅಂದದ್ದು ಎರಡು ಮೂರು ಪದ ಜೋಡಿಸುವ ಹಂತದ ಮಗುವಿಗೆ. ಅದೇ ಕಥೆ ಹತ್ತು ಸಲ ಮನೆಮಾತಿನಲ್ಲಿ ಕೇಳಿಯಾದ ಮೇಲೆ ಪುಸ್ತಕದ ಸಾಲನ್ನೇ ಓದಿ. ಆಗ ಅರ್ಥ ಗೊತ್ತಿರುತ್ತದೆ, ಬಟ್ಟೆ ಮಾತ್ರ ಹೊಸದು.

ಪುತ್ತೂರ್ದಾಯೆ

ನಮ್ಮದು ತುಳು ಮನೆ. ಅಂಗನವಾಡಿಯಲ್ಲಿ ಕನ್ನಡ, ಮುಂದೆ ಸ್ಕೂಲಿನಲ್ಲಿ ಇಂಗ್ಲಿಷ್. ನಮ್ಮೂರಲ್ಲಿ ಎರಡು ಭಾಷೆ ಅನ್ನುವುದು ಸುದ್ದಿಯೇ ಅಲ್ಲ, ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಬ್ಯಾರಿ, ಕೊಂಕಣಿ ಕೂಡ ಕಿವಿಗೆ ಬೀಳುತ್ತದೆ.

ಮಗಳು ಥೆರಪಿಯಲ್ಲಿ ಬೆಕ್ಕಿನ ಚಿತ್ರ ನೋಡಿ 'ಪುಚ್ಚೆ' ಅಂದಳು. ಥೆರಪಿಸ್ಟ್ ತಪ್ಪು ಗುರುತು ಹಾಕಿದರು. ನಾನು ಸುಮ್ಮನಿದ್ದೆ. ಕಾಗೆಗೆ 'ಕಕ್ಕೆ' ಅಂದಾಗ ತಡೆಯಲಾರದೆ ಹೇಳಿದೆ, ಅದು ತುಳು, ಅವಳಿಗೆ ಗೊತ್ತಿದೆ ಅಂತ. ಪಾಪ, ಆಕೆ ಬೆಂಗಳೂರಿನವರು. ಹಾಳೆ ತಿದ್ದಿ, ಮುಂದಿನ ವಾರದಿಂದ ನನ್ನನ್ನೂ ಚಾಪೆ ಮೇಲೆ ಕೂರಿಸಿದರು. ತುಳುವಿನಲ್ಲಿ ಚಿತ್ರಪುಸ್ತಕ ಎಲ್ಲಿ ಸಿಗಬೇಕು? ಕನ್ನಡದ ಪುಸ್ತಕವೇ ಇಟ್ಟುಕೊಂಡು ತುಳುವಿನಲ್ಲಿ ಹೇಳಿದ್ದು. ಚಿತ್ರಕ್ಕೆ ಭಾಷೆ ಇಲ್ಲವಲ್ಲ.

ಡಬಲ್ ಡೆಕ್ಕರ್

ಸರಿ, ಒಪ್ಪಿದೆ. ಆದರೆ ಪುಸ್ತಕ ಯಾಕೆ? ಫೋನಿನಲ್ಲೇ ಕಥೆ ವಿಡಿಯೋ ಸಾವಿರ ಇದೆ, ಹಾಕಿಕೊಟ್ಟರೆ ಅಲುಗಾಡದೆ ನೋಡುತ್ತಾರೆ.

ಬಳಪ ಟೀಚರ್, ಮಂಡ್ಯ

ಅಲುಗಾಡದೆ ನೋಡುತ್ತಾರೆ ಅನ್ನುವುದೇ ತೊಂದರೆ ಸ್ವಾಮಿ. ವಿಡಿಯೋ ಐದರವರೆಗೆ ಎಣಿಸಿ ಕಾಯುವುದಿಲ್ಲ.

ಮೂಲೆಮನೆ

ನನ್ನ ಮಗನಿಗೆ ಆಟಿಸಂ. ಪುಸ್ತಕ ಕೊಟ್ಟರೆ ಅಂಚು ಕಚ್ಚುತ್ತಾನೆ, ಒಂದೇ ಪುಟವನ್ನು ಇಪ್ಪತ್ತು ಸಲ ತಿರುವುತ್ತಾನೆ. "ಕಥೆ ಓದಿ" ಅನ್ನುವ ಸಲಹೆ ಕೇಳಿ ಕೇಳಿ ಸಾಕಾಗಿದೆ. ಎಲ್ಲರ ಮಗುವೂ ಮಡಿಲಲ್ಲಿ ಕೂರುವುದಿಲ್ಲ.

ಮಾತುಗಾತಿ, ಮೈಸೂರು

ನಿಜ. ಎಲ್ಲ ಮಕ್ಕಳಿಗೂ ಪುಸ್ತಕವೇ ದಾರಿ ಅಲ್ಲ. ಆದರೆ ಆ ಒಂದು ಪುಟವನ್ನು ಅವನು ಇಪ್ಪತ್ತು ಸಲ ತಿರುವುತ್ತಾನೆ ಅಂದರೆ ಅಲ್ಲಿ ಅವನಿಗೆ ಏನೋ ಇದೆ. ಅದೇ ಪುಟದಲ್ಲಿ ಇರಿ. ಪ್ರತಿ ಸಲ ತಿರುವಿದಾಗಲೂ ಒಂದೇ ಪದ ಹೇಳಿ, "ಹೋಯ್ತು!", "ಬಂತು!" ಅಷ್ಟು ಸಾಕು. ಕಥೆ ಮುಗಿಸಲೇಬೇಕು ಅನ್ನುವ ಹಟ ದೊಡ್ಡವರದ್ದು. ಕಚ್ಚುವ ಮಕ್ಕಳಿಗೆ ದಪ್ಪ ರಟ್ಟಿನ ಪುಸ್ತಕ, ಇಲ್ಲವೇ ನಿಮ್ಮದೇ ಮನೆಯ ಹತ್ತು ಫೋಟೊ ಲ್ಯಾಮಿನೇಟ್ ಮಾಡಿಸಿ ದಾರ ಕಟ್ಟಿದರೂ ಪುಸ್ತಕವೇ. ನಿಮ್ಮ ಥೆರಪಿಸ್ಟ್ ಜೊತೆ ಕೂತು ಮಾಡಿ.

ಯಾರ ಹತ್ತಿರ ಹೋಗುವ ಮೊದಲೂ ಅವರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಕೇಳಿ. ಮುಜುಗರ ಬೇಡ, ಕೇಳುವ ಹಕ್ಕಿದೆ. ಕಿವಿ ಪರೀಕ್ಷೆ ಆಗದೆ ಥೆರಪಿ ಶುರು ಮಾಡಲೂಬೇಡಿ.

ಹುಣಸೆಬೀಜ

ಕನ್ನಡ ಚಿತ್ರಪುಸ್ತಕ ಎಲ್ಲಿ ಸಿಗುತ್ತದೆ? ಮಾಲಿನಲ್ಲಿ ಹುಡುಕಿದರೆ ಒಂದೂ ಇಲ್ಲ.

ಫ್ರೀಮಾಂಟ್ ಅಪ್ಪ, ಕ್ಯಾಲಿಫೋರ್ನಿಯಾ

ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್ ನೋಡಿ. 2015ರಿಂದ ಇದೆ, ಪೂರ್ತಿ ಉಚಿತ. ಒಂದೇ ಚಿತ್ರಗಳಿರುವ ಪುಸ್ತಕ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುವುದು ನಮಗೆ ವರವಾಯಿತು. ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆಯಬಹುದು, ಬೇಕಾದರೆ ನೀವೇ ಅನುವಾದಿಸಿ ಹಾಕಲೂಬಹುದು. ಲೈಸೆನ್ಸೇ ಹಾಗಿದೆ. ಚೆನ್ನೈನ ತುಲಿಕಾ ಕನ್ನಡ ಮತ್ತು ಇಂಗ್ಲಿಷ್ ಒಟ್ಟಿಗಿರುವ ಪುಸ್ತಕ ಮಾಡುತ್ತಾರೆ. ನ್ಯಾಷನಲ್ ಬುಕ್ ಟ್ರಸ್ಟಿನವು ಅಗ್ಗ. ನಾವು ಊರಿಗೆ ಬಂದಾಗ ಸೂಟ್‌ಕೇಸಿನಲ್ಲಿ ಹಪ್ಪಳದ ಪಕ್ಕ ತುಂಬಿಸುವುದು ಇವನ್ನೇ.

ಮಾತುಗಾತಿ, ಮೈಸೂರು

ಗುಬ್ಬಿಗೂಡು ಅವರೇ, ನಿಮ್ಮ ಹೆಸರಿನಲ್ಲೇ ಉತ್ತರ ಇದೆ ಅಂತ ಈಗ ಹೊಳೆಯಿತು. ಕಾಗಕ್ಕ ಗುಬ್ಬಕ್ಕನ ಕಥೆ ನಿಮ್ಮತ್ತೆಗೆ ಖಂಡಿತ ಬರುತ್ತದೆ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಥರ. ನಮ್ಮಲ್ಲಿ ಕಾಗಕ್ಕಂದು ಸಗಣಿ ಮನೆ, ಗುಬ್ಬಕ್ಕಂದು ಕಲ್ಲಿನ ಮನೆ. ಮಳೆ ಬಂದು ಸಗಣಿ ಮನೆ ಕರಗಿತು. ಕಾಗಕ್ಕ ಬಂದು ಬಾಗಿಲು ಬಡಿಯುತ್ತಾಳೆ: "ಗುಬ್ಬಕ್ಕಾ ಗುಬ್ಬಕ್ಕಾ, ಬಾಗಿಲು ತೆಗಿ." ಗುಬ್ಬಕ್ಕ: "ತಾಳು, ಮಗೂಗೆ ಸ್ನಾನ ಮಾಡಿಸ್ತಿದೀನಿ." ಮತ್ತೆ ಬಡಿ. "ತಾಳು, ಮಗೂಗೆ ಬಟ್ಟೆ ಹಾಕ್ತಿದೀನಿ." ಮತ್ತೆ.

ನನ್ನ ಕಣ್ಣಿಗೆ ಇದು ಥೆರಪಿ ಪ್ಲ್ಯಾನೇ. ಕಾಗಕ್ಕ, ಗುಬ್ಬಕ್ಕ, ಬಾಗಿಲು, ತೆಗಿ: ನಿಮ್ಮ ಮಗನಿಗೆ ಬರದ 'ಕ' ಮತ್ತು 'ಗ' ಸಾಲು ಸಾಲಾಗಿ ಕಿವಿಗೆ ಬೀಳುತ್ತವೆ. ಅವನಿಂದ ಹೇಳಿಸಬೇಡಿ, ಮೊದಲು ಕೇಳಲಿ. ಒಂದೇ ಸಾಲು ಮತ್ತೆ ಮತ್ತೆ ಬರುವುದರಿಂದ ಮುಂದೇನು ಅಂತ ಅವನಿಗೆ ಗೊತ್ತಾಗುತ್ತದೆ. ನಾಲ್ಕನೇ ದಿನ "ಗುಬ್ಬಕ್ಕಾ ಗುಬ್ಬಕ್ಕಾ, ಬಾಗಿಲು..." ಅಂತ ನಿಲ್ಲಿಸಿ ಕಾಯಿರಿ. 'ತೆದಿ' ಅಂದರೂ ಬಾಗಿಲು ತೆಗೆಯಬೇಕು ಮತ್ತೆ! ಮಾತಿಗೆ ಬೆಲೆ ಸಿಗಬೇಕು. ಪುಸ್ತಕ ಇಲ್ಲದಿದ್ದರೆ ನಾಲ್ಕು ಹಾಳೆ ಮಡಚಿ ಅತ್ತೆಯೇ ಚಿತ್ರ ಬರೆಯಲಿ. ಕಾಗೆ ಬರೆಯಲು ರವಿವರ್ಮ ಆಗಬೇಕಾಗಿಲ್ಲ.

'ಕ' ಹೇಳಿಸುವ ಕೆಲಸ ನಿಮ್ಮ ಥೆರಪಿಸ್ಟ್ ನೋಡಿಕೊಳ್ಳುತ್ತಾರೆ. ಕಾಯಿ ಮತ್ತು ತಾಯಿ ಚಿತ್ರ ಇಟ್ಟು ಆಡುವ ಆಟ ಇದೆ. 'ತಾಯಿ ಕೊಡು' ಅಂದರೆ ತಾಯಿಯನ್ನೇ ಕೊಡುತ್ತೇವೆ. ಮಗು ಪೆಚ್ಚಾಗಿ ನೋಡುತ್ತದೆ, ತೆಂಗಿನಕಾಯಿಗೆ ನಾಲಗೆ ಹಿಂದಕ್ಕೆ ಎಳೆಯಲೇಬೇಕಾಗುತ್ತದೆ. ಕನ್ನಡದಲ್ಲಿ ಬಂದ 'ಕ' ಸಾಮಾನ್ಯವಾಗಿ ಇಂಗ್ಲಿಷಿನ ಕಾರಿಗೂ ಕೇಕಿಗೂ ಬರುತ್ತದೆ, ನಾಲಗೆ ಒಂದೇ ತಾನೆ.

ಧಾರವಾಡದ ಅಜ್ಜಿ

ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ಬಾಗಿಲು ಬಡಿಯುವಾಗ ನೆಲ ಬಡಿಯಿರಿ. ಹುಡುಗರು ಮಾತಿಗಿಂತ ಮೊದಲು ಸಪ್ಪಳ ಮಾಡುತ್ತಾರೆ. ನಾನು ಐದು ಮೊಮ್ಮಕ್ಕಳಿಗೆ ಹೇಳಿದ್ದೇನೆ.

ಗುಬ್ಬಿಗೂಡು

ಏಳು ವಾರ ಆಯಿತು, ಬರೆಯಲು ಆಗಿರಲಿಲ್ಲ.

ಅತ್ತೆ ಚಿತ್ರ ಬರೆಯಲಿಲ್ಲ, ಕ್ಯಾಲೆಂಡರ್ ಹಾಳೆಯ ಹಿಂದೆ ನನ್ನಿಂದ ಬರೆಸಿದರು. ನನ್ನ ಗುಬ್ಬಿ ಆಲೂಗಡ್ಡೆ ಥರ ಇದೆ. ಮೊದಲ ವಾರ ಮಗ ಹಾಳೆ ಎಳೆದಾಡಿದ, ಅಷ್ಟೇ. ಎರಡನೇ ವಾರ ಅತ್ತೆ ನೆಲ ಬಡಿದರೆ ಇವನೂ ಬಡಿಯುತ್ತಿದ್ದ. ಧಾರವಾಡದ ಅಜ್ಜಿಗೆ ಥ್ಯಾಂಕ್ಸ್, ಕೆಳಗಿನ ಮನೆಯವರಿಂದ ಬೈಗುಳ ನನಗೆ. ಅಡುಗೆಮನೆಯಿಂದ ನಾನು "ಗುಬ್ಬಕ್ಕ ಎಲ್ಲಿ?" ಅಂತ ಕೇಳಲು ಹೋದರೆ ಅತ್ತೆ ಕಣ್ಣು ಬಿಡುತ್ತಾರೆ, "ಸುಮ್ನಿರು, ಎಣಿಸ್ತಿದೀನಿ" ಅಂತ.

ಮೊನ್ನೆ ನಾನು ಬಾತ್‌ರೂಮಿನಲ್ಲಿದ್ದೆ. ಹೊರಗಿನಿಂದ ದಬದಬ. "ದುಬ್ಬತ್ತಾ ದುಬ್ಬತ್ತಾ, ಬಾದಿಲು ತೆದಿ!" ನಾನು ಒಳಗಿಂದ "ತಾಳು, ಸ್ನಾನ ಮಾಡ್ತಿದೀನಿ" ಅಂದೆ. ಒಂದು ಕ್ಷಣ ಸದ್ದಿಲ್ಲ. ಆಮೇಲೆ, "ಅಮ್ಮ, ಮಲೆ ಬಂತು, ಮನೆ ಹೋಯ್ತು, ಬಾದಿಲು ತೆದಿ." ಎರಡು ಪದ ಜೋಡಿಸುತ್ತಿದ್ದವನು ಕಾರಣ ಕೊಟ್ಟು ಕೇಳುತ್ತಿದ್ದಾನೆ! ತಲೆಯಲ್ಲಿ ಸೋಪು ಇಟ್ಟುಕೊಂಡೇ ಬಾಗಿಲು ತೆಗೆದೆ.

'ಕ' ಇನ್ನೂ ಬಂದಿಲ್ಲ. ಥೆರಪಿಯಲ್ಲಿ ಕೆಮ್ಮಿದ ಹಾಗೆ ಮಾಡಿ ಒಂದೆರಡು ಸಲ ಹೇಳಿದ್ದಾನಂತೆ, ಪದದಲ್ಲಿ ಇಲ್ಲ. ಪ್ಲೇಸ್ಕೂಲಿನಲ್ಲಿ ಮಿಸ್‌ಗೆ "ಓಪನ್ ದ ಡೋರ್" ಅಂತ ಬಾಗಿಲು ಬಡಿದು ತೋರಿಸಿದನಂತೆ. ಅವರಿಗೆ ತಲೆಬುಡ ತಿಳಿಯದೆ ನನಗೆ ಫೋನ್ ಮಾಡಿದ್ದರು. ಡೈರಿಯಲ್ಲಿ ಕಾಗಕ್ಕನ ಕಥೆ ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದೇನೆ. ಅಮೆರಿಕದ ಕಪ್ಪೆ ಟೀಚರ್ ಥರ ಇವರೂ ಹೇಳಲಿ.

ಒಂದು ಪ್ರಶ್ನೆ ಇದೆ. ಅತ್ತೆ ಈಗ ಕಥೆಗೆ ಹಾವು, ಪೋಲೀಸು ಎಲ್ಲ ಸೇರಿಸುತ್ತಿದ್ದಾರೆ. ದಿನಾ ಒಂದೇ ಥರ ಹೇಳಬೇಕಾ, ಬದಲಾದರೆ ಪರವಾಗಿಲ್ವಾ?

ಮಾತುಗಾತಿ, ಮೈಸೂರು

ಬಾಗಿಲು ಬಡಿಯುವ ಸಾಲು ಮಾತ್ರ ಹಾಗೇ ಇರಲಿ. ಉಳಿದದ್ದು ಅವರಿಷ್ಟ. ಪೋಲೀಸು ಏನಂತಾನೆ ಅಂತ ನನಗೂ ಹೇಳಿ.